ಶಮೆದಮೆ ಯಾರ ಕೈಯಲ್ಲಿದೆ? (ಗಲಾತ್ಯ 5:22-23)

ಗಲಾತ್ಯ 5 ತೆಗೆಯಿರಿ. ಆತ್ಮನ ಫಲಗಳಲ್ಲಿ ಕೊನೆಯದು ಶಮೆದಮೆ. ಅಂದ್ರೆ ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳೋದು.

ಒಬ್ಬ ಸಹೋದರರು ಕೇಳಿದ್ರು: "ಪಾಸ್ಟರ್, ಆತ್ಮನ ಫಲ ಅಂದ್ಮೇಲೆ ದೇವರೇ ಕೊಡಬೇಕಲ್ವಾ? ಕೊಟ್ಟ ದಿನ ಕುಡಿಯೋದು ಬಿಡ್ತೀನಿ."

ಇದು ಹಳೇ ಪ್ರಶ್ನೆ. ಐದನೇ ಶತಮಾನದಲ್ಲೇ ಪೆಲಾಗಿಯಸ್, ಮನುಷ್ಯ ಮನಸ್ಸು ಮಾಡಿದ್ರೆ ಪಾಪ ಬಿಡಬಲ್ಲ ಅಂದ. ಕೃಪೆ ಇಲ್ಲದೆ ಆ ಮನಸ್ಸೇ ಹುಟ್ಟಲ್ಲ ಅಂದ ಆಗಸ್ಟಿನ್. ನಾನು ಆಗಸ್ಟಿನ್ ಕಡೆ. ಆದ್ರೆ ಅವನೂ ಸುಮ್ಮನೆ ಕೂತ್ಕೊಳ್ಳಿ ಅನ್ನಲಿಲ್ಲ. ಎಲ್ಲಾ ಕೃಪೆ ಆದ್ರೆ ತಪ್ಪು ಮಾಡಿದವರನ್ನ ತಿದ್ದೋದು ಯಾಕೆ ಅಂತ ಕೇಳಿದ ಸನ್ಯಾಸಿಗಳಿಗೆ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟ.

ನಮ್ಮ ಗಂಜಾಂನಲ್ಲಿರೋ ಅಬ್ಬೆ ದುಬುವಾ ಚರ್ಚ್ ನೋಡಿದ್ದೀರಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅವರು. ಜನ 'ದೊಡ್ಡ ಸ್ವಾಮಿಯವರು' ಅಂತಿದ್ರು. (ಅವರು ಕ್ಯಾಥೊಲಿಕ್, ನಾವು ಪೆಂತೆಕೊಸ್ತಿನವರು, ಅದು ಬೇರೆ ಮಾತು.) ಸಿಡುಬು ಬಂದ್ರೆ ಹಣೇಲಿ ಬರೆದಂಗೆ ಆಗುತ್ತೆ ಅನ್ನೋ ಕಾಲದಲ್ಲಿ ಅವರು ಸಾವಿರಾರು ಜನಕ್ಕೆ ಲಸಿಕೆ ಹಾಕಿಸಿದ್ರು. ನಮ್ಮ ಅಜ್ಜಿಯಂದಿರು 'ದೇವಿ ಹಾಕಿಸೋದು' ಅಂತಿದ್ರಲ್ಲ, ಅದೇ.

ಆ ಲಸಿಕೆ ಹಾಕ್ತಿದ್ದದ್ದು ಯಾವಾಗ? ಮೈ ಚೆನ್ನಾಗಿದ್ದಾಗ. ಮೈಮೇಲೆ ಗುಳ್ಳೆ ಎದ್ದಮೇಲೆ ಅಲ್ಲ.

ಸಂಜೆ ಏಳು ಗಂಟೆ, ಬಾರ್ ಮುಂದೆ ನಿಂತಿದ್ದೀರಿ, ಜೇಬಲ್ಲಿ ದುಡ್ಡಿದೆ, ಪಕ್ಕದಲ್ಲಿ ಸ್ನೇಹಿತ. ಆಗ ನನಗೆ ಸ್ವತಂತ್ರ ಚಿತ್ತ ಇದೆಯಾ ಅಂತ ಕೇಳಿದ್ರೆ, ಬಹಳ ಕಮ್ಮಿ ಅಂತಲೇ ನಾನು ಹೇಳ್ತೀನಿ. ರೋಮಾಪುರ 7ರಲ್ಲಿ ಪೌಲನ ಗೋಳೂ ಇದೇ. ಆದ್ರೆ ಅದೇ ಮನುಷ್ಯನಿಗೆ ಬೆಳಿಗ್ಗೆ ಏಳು ಗಂಟೆಗೆ ಬೇಕಾದಷ್ಟು ಸ್ವಾತಂತ್ರ್ಯ ಇದೆ. ಬಟವಾಡೆ ದುಡ್ಡನ್ನ ಹೆಂಡತಿ ಕೈಗೇ ಕೊಡಿ ಅಂತ ಮೇಸ್ತ್ರಿಗೆ ಹೇಳಬಹುದು. ಬೇರೆ ದಾರೀಲಿ ಮನೆಗೆ ಬರಬಹುದು. ಯೋಸೇಫ ಬಟ್ಟೆ ಬಿಟ್ಟು ಓಡಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ದಿನಾಲೂ ಅವಳ ಹತ್ತಿರ ಇರದೆ ತಪ್ಪಿಸಿಕೊಳ್ತಿದ್ದ, ಆದಿಕಾಂಡ 39:10. ಅದನ್ನ ನಾವು ಓದೋದೇ ಇಲ್ಲ.

ಬೆಳಿಗ್ಗೆ 'ಬಿಡಬೇಕು' ಅನ್ನಿಸುತ್ತಲ್ಲ, ಆ ಮನಸ್ಸು ಎಲ್ಲಿಂದ ಬಂತು ಅಂದ್ಕೊಂಡ್ರಿ? ಫಿಲಿಪ್ಪಿ 2:13 ನೋಡಿ. ಸಹೋದರರೇ, ನೀವು ಕಾಯ್ತಿರೋದನ್ನ ದೇವರು ಆಗಲೇ ಕೊಟ್ಟಿದ್ದಾನೆ.

ಇನ್ನೊಂದು ಮಾತು. ಬಹಳ ವರ್ಷ ಕುಡಿದವರು ಏಕಾಏಕಿ ನಿಲ್ಲಿಸಿದ್ರೆ ಕೈ ನಡುಗುತ್ತೆ, ಫಿಟ್ಸ್ ಕೂಡ ಬರಬಹುದು. ಡಾಕ್ಟರ ಹತ್ರ ಹೋಗಿ. ಅದು ಅಪನಂಬಿಕೆ ಅಲ್ಲ.

ಶನಿವಾರ ಬಟವಾಡೆ ಇರೋರು ನನಗೆ ಬೆಳಿಗ್ಗೆನೇ ಫೋನ್ ಮಾಡಿ. ಈಗ ಎದ್ದು ನಿಂತು ಪ್ರಾರ್ಥಿಸೋಣ.