ಬೆದರುವ ಕಡಸು

ಹೊಸಬರನ್ನು ಕಂಡೊಡನೆ ಹಗ್ಗ ಹರಿಯುವ ಖಿಲಾರಿ ಕಡಸನ್ನು 'ಕಸುವಿನ ದನ' ಎಂದು ನಮ್ಮ ಜತ್ತ ಸೀಮೆಯ ರೈತರು ಮೆಚ್ಚುತ್ತಾರೆ. ಆದರೆ ಅಂಜಿದ ದನದ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಗ್ರಂಥಿರಸ ಏರುತ್ತದೆ. ಅಂಡ ಬಿಡುಗಡೆಗೆ ಬೇಕಾದ ರಸವನ್ನು ಅದು ತಡೆಯುತ್ತದೆ. ತಿಂದ ಮೇವೂ ಮೈಗೆ ಹತ್ತದು.

ಅಮೆರಿಕದ ಫ್ಲಾರಿಡಾದಲ್ಲಿ ಮಾಂಸಕ್ಕಾಗಿ ಸಾಕುವ ಬ್ರಾಹ್ಮನ್ ಮಿಶ್ರತಳಿಯ ಕಡಸುಗಳ ಮೇಲೆ ನಡೆದ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. (ಬ್ರಾಹ್ಮನ್ ತಳಿಯಲ್ಲಿ ನಮ್ಮ ಕೃಷ್ಣಾತೀರದ ದನದ ರಕ್ತವೂ ಇದೆ.) ಕೆಲವು ಕಡಸುಗಳನ್ನು ವಾರಕ್ಕೆ ಮೂರು ಸಲದಂತೆ ನಾಲ್ಕು ವಾರ, ದನ ಹಿಡಿದು ನಿಲ್ಲಿಸುವ ಕಟಕಟೆಗೆ ನಡೆಸಿ ರೂಢಿ ಮಾಡಿಸಿದರು. ತಿರುಗಾಟದಿಂದಲೋ ಏನೋ, ಅವುಗಳ ತೂಕ ಕೊಂಚ ಕಡಿಮೆಯೇ ಏರಿತು. ಆದರೂ ಉಳಿದವುಗಳಿಗಿಂತ ಮೊದಲು ಅವೇ ಪ್ರಾಯಕ್ಕೆ ಬಂದವು.

ಆದುದರಿಂದ ಹಾಲು ಬಿಡಿಸಿದ ದಿನಗಳಿಂದಲೇ ಕಡಸಿನ ಮೈ ತಡವಿ, ಕಟ್ಟಿ ಬಿಚ್ಚಿ ಪಳಗಿಸಿರಿ. ಕೃತಕ ಗರ್ಭಧಾರಣೆಯ ದಿನ ನಾಲ್ವರು ಕೂಡಿ ಬಡಿದು ಹಿಡಿಯಬೇಡಿರಿ. ನಿತ್ಯ ಮೇವು ಹಾಕುವವರೇ ಹಿಡಿಯಲಿ. ಆ ಬೆದೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು.