ಸಂಸ್ಥೆಯ ಐಟಿ ನಿರ್ವಹಣೆ ಎಷ್ಟು ಪಕ್ವ? ಅಳೆದು ನೋಡುವ ಕ್ರಮ

ಪ್ರತಿಯೊಂದು ಮೇಜಿನ ಮೇಲೂ ಗಣಕಯಂತ್ರವನ್ನಿರಿಸಿ, ವರ್ಷವರ್ಷವೂ ಸಾಫ್ಟ್‌ವೇರ್ ಲೈಸೆನ್ಸುಗಳಿಗೆ ಲಕ್ಷಾಂತರ ರೂಪಾಯಿ ವ್ಯಯಿಸುವ ಸಂಸ್ಥೆಯೊಂದು, ತನ್ನ ಬಿಲ್ಲಿಂಗ್ ವ್ಯವಸ್ಥೆ ತಿಂಗಳ ಕೊನೆಯ ದಿನ ನಿಂತುಹೋದಾಗ, ರಜೆಯ ಮೇಲೆ ಊರಿಗೆ ತೆರಳಿರುವ ಒಬ್ಬನೇ ಒಬ್ಬ ನೌಕರನಿಗೆ ಫೋನು ಹಚ್ಚಿ ಕುಳಿತಿರಬೇಕಾಗಿ ಬಂದರೆ, ಅಲ್ಲಿ ಯಂತ್ರಸಂಪತ್ತುಂಟು, ನಿರ್ವಹಣೆಯಿಲ್ಲ ಎಂದೇ ಹೇಳಬೇಕಾಗುತ್ತದೆ. ಆ ನಿರ್ವಹಣೆ ಎಷ್ಟರಮಟ್ಟಿಗೆ ಪಕ್ವವಾಗಿದೆಯೆಂಬುದನ್ನು ಮಾಲೀಕರೂ ವ್ಯವಸ್ಥಾಪಕರೂ ತಾವೇ ಪರೀಕ್ಷಿಸಿಕೊಳ್ಳಬಹುದು. ಹೊರಗಿನ ಸಲಹೆಗಾರರ ನೆರವು ಎಲ್ಲ ಸಂದರ್ಭಗಳಲ್ಲಿಯೂ ಬೇಕೆಂಬ ನಿಯಮವೇನೂ ಇಲ್ಲ.

ಅಳತೆಗೋಲು ಆಗಲೇ ಸಿದ್ಧವಾಗಿದೆ. ಗುಣಮಟ್ಟದ ನಿರ್ವಹಣೆಯನ್ನು ಐದು ಹಂತಗಳಲ್ಲಿ ಗುರುತಿಸುವ ಕೋಷ್ಟಕವೊಂದನ್ನು ಫಿಲಿಪ್ ಕ್ರಾಸ್ಬಿ 1979ರಲ್ಲಿ ಪ್ರಕಟಿಸಿದನು. ಅದೇ ವಿಚಾರಸರಣಿಯನ್ನು ವಾಟ್ಸ್ ಹಂಫ್ರಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ತಂತ್ರಾಂಶ ರಚನೆಗೆ ಅನ್ವಯಿಸಲು, 1991ರಲ್ಲಿ ಸಿಎಂಎಂ ಎಂಬ ಮಾದರಿ ಹೊರಬಂದಿತು. ಬೆಂಗಳೂರಿನ ಮೋಟರೋಲಾ ಕೇಂದ್ರವು 1990ರ ದಶಕದಲ್ಲಿಯೇ ಅದರ ಐದನೆಯ ಹಂತವನ್ನು ಮುಟ್ಟಿದುದನ್ನು ಈ ನಗರದ ಹಳೆಯ ಎಂಜಿನಿಯರುಗಳು ಇಂದಿಗೂ ಅಭಿಮಾನದಿಂದ ನೆನೆಯಬಹುದು. ಆದರೆ ಸಿಎಂಎಂ ತಂತ್ರಾಂಶವನ್ನು ರಚಿಸುವವರ ಮಾದರಿ. ಅದನ್ನು ಕೊಂಡು ಬಳಸುವ ಕಾರ್ಖಾನೆಗೆ, ಸಹಕಾರಿ ಬ್ಯಾಂಕಿಗೆ, ಆಸ್ಪತ್ರೆಗೆ ಹೆಚ್ಚು ಒಗ್ಗುವುದು ಐಟಿ ಲೆಕ್ಕಪರಿಶೋಧಕರ ಐಸಾಕಾ ಸಂಸ್ಥೆಯ ಕೋಬಿಟ್ ಎಂಬ ಮಾದರಿ. ಅದರ ಮೂರನೆಯ ಆವೃತ್ತಿ 2000ದಲ್ಲಿ ಸೊನ್ನೆಯಿಂದ ಐದರವರೆಗಿನ ಮಾಪನವನ್ನು ನೀಡಿತು. 2012ರ ಆವೃತ್ತಿಯಲ್ಲಿ ಆ ಮಾಪನ ಬದಲಾಯಿತಾದರೂ, ಸಂಸ್ಥೆಯೊಳಗಿನ ಪರೀಕ್ಷೆಗೆ ಹಳೆಯದೇ ಸುಗಮವೆಂದು ನನ್ನ ಅಭಿಪ್ರಾಯ.

ಅದರ ಸಾರವಿಷ್ಟು. ಸೊನ್ನೆಯೆಂದರೆ ಕಾರ್ಯವೇ ಇಲ್ಲ, ಅದರ ಅಗತ್ಯವನ್ನೂ ಯಾರೂ ಅರಿತಿಲ್ಲ. ಒಂದೆಂದರೆ ಕೆಲಸ ಆಯಾ ಹೊತ್ತಿಗೆ ತೋಚಿದಂತೆ ನಡೆಯುತ್ತದೆ. ಎರಡೆಂದರೆ ರೂಢಿಯ ಬಲದಿಂದ ಒಂದೇ ರೀತಿಯಲ್ಲಿ ನಡೆಯುತ್ತದಾದರೂ ಆ ರೂಢಿ ಕೆಲವರ ತಲೆಯಲ್ಲಿ ಮಾತ್ರವಿದೆ. ಮೂರೆಂದರೆ ವಿಧಾನವನ್ನು ಬರೆದು, ಕಲಿಸಿ, ಸರ್ವರಿಗೂ ಸಮಾನವಾಗಿ ವಿಧಿಸಲಾಗಿದೆ. ನಾಲ್ಕೆಂದರೆ ಅದರ ಪಾಲನೆಯನ್ನು ಅಂಕಿಗಳಿಂದ ಅಳೆಯಲಾಗುತ್ತಿದೆ. ಐದೆಂದರೆ ಆ ಅಂಕಿಗಳ ಆಧಾರದ ಮೇಲೆ ವಿಧಾನವೇ ನಿರಂತರವಾಗಿ ಪರಿಷ್ಕೃತವಾಗುತ್ತಿದೆ.

ಪರೀಕ್ಷೆಗೆ ತೊಡಗುವವರು ಮೊದಲು ವ್ಯಾಪ್ತಿಯನ್ನು ಸಂಕುಚಿತಗೊಳಿಸಿಕೊಳ್ಳತಕ್ಕದ್ದು. ಎಲ್ಲವನ್ನೂ ಒಮ್ಮೆಗೇ ಅಳೆಯಹೊರಟವರು ಏನನ್ನೂ ಅಳೆಯಲಾರರು; ಬ್ಯಾಕಪ್, ಬಳಕೆದಾರರ ಪ್ರವೇಶಾಧಿಕಾರ, ವ್ಯವಸ್ಥೆಯಲ್ಲಿ ಮಾಡುವ ಬದಲಾವಣೆ, ಅವಘಡಗಳ ನಿವಾರಣೆ, ಖರೀದಿ ಮತ್ತು ವೆಚ್ಚ, ಇಷ್ಟು ಮೊದಲ ಸುತ್ತಿಗೆ ಸಾಕು. ಪರೀಕ್ಷಕನು ಐಟಿ ವಿಭಾಗದವನಾಗಿರದಿರುವುದು ಲೇಸು. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತಾರೆ, ಏಕೆಂದರೆ ರಸೀದಿಯಿಲ್ಲದ ಮಾತನ್ನು ನಂಬದಿರುವುದು ಅವರ ಅಭ್ಯಾಸ.

ಅನಂತರದ ಹೆಜ್ಜೆಯೇ ಮುಖ್ಯವಾದುದು. ‘ನಿಮ್ಮಲ್ಲಿ ಬ್ಯಾಕಪ್ ನೀತಿಯಿದೆಯೇ?’ ಎಂದು ಕೇಳಿದರೆ ಅಂದವಾದ ಕಡತವೊಂದು ಕೈಸೇರುತ್ತದೆ. ಅದನ್ನು ಪಕ್ಕಕ್ಕಿರಿಸಿ, ‘ಕಳೆದ ಬಾರಿ ಬ್ಯಾಕಪ್ಪಿನಿಂದ ದತ್ತಾಂಶವನ್ನು ಮರಳಿ ತಂದು ನೋಡಿದುದು ಯಾವ ದಿನ, ಯಾರು ತಂದರು, ಎಷ್ಟು ಹೊತ್ತು ಹಿಡಿಯಿತು, ಅದರ ದಾಖಲೆಯೆಲ್ಲಿ?’ ಎಂದು ಕೇಳತಕ್ಕದ್ದು. ಪ್ರವೇಶಾಧಿಕಾರದ ವಿಷಯದಲ್ಲಿ, ಕಳೆದ ಆರು ತಿಂಗಳಲ್ಲಿ ಕೆಲಸ ಬಿಟ್ಟವರ ಪಟ್ಟಿಯನ್ನು ಸಿಬ್ಬಂದಿ ವಿಭಾಗದಿಂದ ತರಿಸಿ, ಸರ್ವರಿನಲ್ಲಿ ಇನ್ನೂ ಜೀವಂತವಾಗಿರುವ ಖಾತೆಗಳೊಡನೆ ತಾಳೆ ನೋಡಿದರೆ, ಯಾವ ಭಾಷಣವೂ ಹೇಳದಷ್ಟನ್ನು ಆ ಎರಡು ಹಾಳೆಗಳು ಹೇಳುತ್ತವೆ. ಬದಲಾವಣೆಗಳ ವಿಷಯದಲ್ಲಿ, ಈಚೆಗೆ ನಡೆದ ಯಾವುದಾದರೊಂದು ತಿದ್ದುಪಡಿಯನ್ನು ಹಿಡಿದು ಹಿಂದಕ್ಕೆ ನಡೆಯಬೇಕು: ಕೇಳಿದವರು ಯಾರು, ಒಪ್ಪಿದವರು ಯಾರು, ಪ್ರಯೋಗಿಸಿ ನೋಡಿದುದೆಲ್ಲಿ, ಕೆಟ್ಟರೆ ಹಿಂದಕ್ಕೆ ಮರಳುವ ದಾರಿ ಯಾವುದು. ಅವಘಡಗಳಿಗೆ ಸಂಬಂಧಿಸಿದಂತೆ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಅದು ಪಟ್ಟಿಮಾಡಿರುವ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಭಾನುವಾರದ ಮಧ್ಯರಾತ್ರಿ ಆ ವರದಿಯನ್ನು ಕಳುಹಿಸತಕ್ಕವರಾರೆಂಬ ಪ್ರಶ್ನೆಗೆ ಹೆಸರೊಂದು ಬಾರದಿದ್ದರೆ, ಒಂದಕ್ಕಿಂತ ಹೆಚ್ಚಿನ ಅಂಕ ಸಲ್ಲದು.

ಇವೇ ಪ್ರಶ್ನೆಗಳನ್ನು ಐಟಿ ಮುಖ್ಯಸ್ಥನಿಗೂ, ರಾತ್ರಿಪಾಳಿಯ ಸಹಾಯಕನಿಗೂ, ಉಗ್ರಾಣದಲ್ಲಿ ಆ ವ್ಯವಸ್ಥೆಯನ್ನು ಬಳಸುವ ಗುಮಾಸ್ತನಿಗೂ ಬೇರೆಬೇರೆಯಾಗಿ ಕೇಳಿ, ಉತ್ತರಗಳೊಳಗಿನ ಅಂತರವನ್ನು ಬರೆದಿಟ್ಟುಕೊಳ್ಳಬೇಕು. ಮೂವರದೂ ಒಂದೇ ಉತ್ತರವಾದರೆ ವಿಧಾನವು ನಿಜವಾಗಿ ಮೂರನೆಯ ಹಂತ ಸೇರಿರಬಹುದು; ಇಲ್ಲವಾದರೆ ಕಾಗದ ಏನೇ ಹೇಳಲಿ, ಅದು ಎರಡೇ.

ಅಂಕ ಕೊಡುವಾಗ ಪ್ರತಿಯೊಂದು ಅಂಕದ ಎದುರಿಗೂ ಒಂದು ಸಾಕ್ಷ್ಯವನ್ನು ನಮೂದಿಸಬೇಕು. ಸರಾಸರಿಯನ್ನು ಮಾತ್ರ ತೆಗೆಯಬಾರದು; ಖರೀದಿಯಲ್ಲಿ ನಾಲ್ಕು ಗಳಿಸಿ ಬ್ಯಾಕಪ್ಪಿನಲ್ಲಿ ಸೊನ್ನೆ ಪಡೆದ ಸಂಸ್ಥೆಯನ್ನು ಎರಡನೆಯ ಹಂತದ್ದೆಂದು ಕರೆಯುವುದು ಆತ್ಮವಂಚನೆ. ಸಿಎಂಎಂ ರಚಿಸಿದವರೂ ಒಂದು ಹಂತಕ್ಕೆ ಗೊತ್ತುಪಡಿಸಿದ ಪ್ರಧಾನ ಕಾರ್ಯಗಳೆಲ್ಲವೂ ಸಿದ್ಧಿಸಿದ ಹೊರತು ಆ ಹಂತವನ್ನು ಒಪ್ಪುತ್ತಿರಲಿಲ್ಲ.

ಎಲ್ಲದರಲ್ಲಿಯೂ ಐದನ್ನೇ ಬಯಸುವುದು ವ್ಯರ್ಥವೆಚ್ಚ. ಇನ್ನೂರು ಜನರ ಕಾರ್ಖಾನೆಗೆ ಬಹುತೇಕ ಕಾರ್ಯಗಳಲ್ಲಿ ಮೂರು ಸಾಕು, ಬ್ಯಾಕಪ್ಪಿಗೂ ಪ್ರವೇಶಾಧಿಕಾರಕ್ಕೂ ನಾಲ್ಕಾದರೆ ಉತ್ತಮ. ಗುರಿಯನ್ನು ನಿರ್ಧರಿಸತಕ್ಕವರು ವ್ಯವಹಾರದ ಹೊಣೆ ಹೊತ್ತವರೇ ಹೊರತು ಐಟಿ ವಿಭಾಗವಲ್ಲ. ಗುರಿಗೂ ಇಂದಿನ ಸ್ಥಿತಿಗೂ ಅತ್ಯಂತ ಹೆಚ್ಚು ಅಂತರವಿರುವ ಎರಡು ಕಾರ್ಯಗಳನ್ನಾರಿಸಿ, ಹೊಣೆಗಾರನನ್ನೂ ಗಡುವನ್ನೂ ಗೊತ್ತುಪಡಿಸಿ, ವರ್ಷದ ಬಳಿಕ ಅವೇ ಪ್ರಶ್ನೆಗಳಿಂದ ಪುನಃ ಅಳೆಯಬೇಕು.

ಇಷ್ಟಕ್ಕೆ ಈಗ ಪುರುಸೊತ್ತಿಲ್ಲವೆನ್ನುವ ವ್ಯವಸ್ಥಾಪಕರು, ಈ ವಾರವೇ ಬ್ಯಾಕಪ್ಪಿನಿಂದ ಕಳೆದ ತಿಂಗಳ ಲೆಕ್ಕದ ಕಡತವೊಂದನ್ನು ತಮ್ಮೆದುರಿಗೇ ಮರಳಿ ತರಿಸಿ, ಅದಕ್ಕೆ ಹಿಡಿದ ಹೊತ್ತನ್ನು ಬರೆದಿಟ್ಟುಕೊಳ್ಳಲಿ.