ಟೇಪ್ ಆ್ಯಂಟೆನಾ ಕಟ್ಟಿದ್ದಾಯ್ತು, ದಿಕ್ಕು ತೋರಿಸುತ್ತಾ?

ಫಾಕ್ಸ್ ಹಂಟ್ ಅಂದ್ರೆ ಹ್ಯಾಮ್‌ಗಳ ಕಣ್ಣಾಮುಚ್ಚಾಲೆ. ಬಚ್ಚಿಟ್ಟ ಪುಟ್ಟ ಟ್ರಾನ್ಸ್‌ಮಿಟರನ್ನು ಸಿಗ್ನಲ್ ಬರುವ ದಿಕ್ಕು ನೋಡಿಕೊಂಡೇ ಹುಡುಕಬೇಕು. ಅದಕ್ಕೆ ಬೇಕಾದ ಯಾಗಿ-ಉದಾ ಆ್ಯಂಟೆನಾವನ್ನು ಸ್ಟೀಲ್ ಅಳತೆ ಟೇಪ್ ಮತ್ತು ಪಿವಿಸಿ ಪೈಪ್‌ನಿಂದ ನಾವೇ ಮಾಡಬಹುದು. ಹಳೇ ದೂರದರ್ಶನದ ಕಾಲದಲ್ಲಿ ಮನೆ ಮೇಲೆ ನಿಲ್ಲುತ್ತಿದ್ದ ಆ್ಯಂಟೆನಾ ಕೂಡ ಇದೇ ಜಾತಿಯದು.

ಕಟ್ಟುವುದು ಹೇಗೆ?

145 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 2.07 ಮೀಟರ್. ಅದರ ಅರ್ಧದ ಆಸುಪಾಸಿನಲ್ಲೇ ನಮ್ಮ ಅಳತೆಗಳೆಲ್ಲ ಇರುತ್ತವೆ.

- ಹಿಂದೆ ರಿಫ್ಲೆಕ್ಟರ್: 105 ಸೆಂ.ಮೀ.
- ನಡುವೆ ಡ್ರಿವನ್ ಎಲಿಮೆಂಟ್: 45 ಸೆಂ.ಮೀ.ನ ಎರಡು ತುಂಡು, ಮಧ್ಯೆ 2.5 ಸೆಂ.ಮೀ. ಬಿಡುವು
- ಮುಂದೆ ಡೈರೆಕ್ಟರ್: 89 ಸೆಂ.ಮೀ.
- ರಿಫ್ಲೆಕ್ಟರ್‌ನಿಂದ ಡ್ರಿವನ್‌ಗೆ 20, ಅಲ್ಲಿಂದ ಡೈರೆಕ್ಟರ್‌ಗೆ 32 ಸೆಂ.ಮೀ. ಅಂತರ

ಟೇಪಿನ ಬಣ್ಣ ಕೆರೆದು, ಎರಡು ತುಂಡುಗಳಿಗೆ ಕೋ-ಆಕ್ಸ್ ಕೇಬಲ್ ಬೆಸುಗೆ ಹಾಕಿ. ಅದೇ ಜಾಗದಲ್ಲಿ ಸುಮಾರು 13 ಸೆಂ.ಮೀ. ತಂತಿಯನ್ನು 'ಯು' ಆಕಾರಕ್ಕೆ ಬಗ್ಗಿಸಿ ಜೋಡಿಸಿ. ಇಂಪೀಡೆನ್ಸನ್ನು 50 ಓಮ್‌ಗೆ ಹೊಂದಿಸುವುದು ಇದೇ.

ಎಸ್‌ಡಬ್ಲ್ಯುಆರ್ ಚೆನ್ನಾಗಿದ್ರೆ ಸಾಕಾ?

ಸಾಲದು. 50 ಓಮ್ ಡಮ್ಮಿ ಲೋಡ್ ಕೂಡ 1:1 ತೋರಿಸುತ್ತದೆ, ಆದ್ರೆ ಪವರ್ರೆಲ್ಲ ಶಾಖವಾಗಿ ಹೋಗುತ್ತದೆ. ಕೇಬಲ್ ಜೊತೆ ಹೊಂದಾಣಿಕೆ ಆಗಿದೆಯಾ ಅನ್ನೋದನ್ನಷ್ಟೇ ಎಸ್‌ಡಬ್ಲ್ಯುಆರ್ ಹೇಳುತ್ತದೆ. ದಿಕ್ಕಿನ ಬಗ್ಗೆ ತಿಳಿಯಬೇಕಾದರೆ ಆ್ಯಂಟೆನಾವನ್ನು ತಿರುಗಿಸಿಯೇ ನೋಡಬೇಕು.

ಖಾಲಿ ಮೈದಾನದಲ್ಲಿ, 20-30 ಮೀಟರ್ ದೂರದಿಂದ, ಲೈಸೆನ್ಸ್ ಇರುವ ಗೆಳೆಯರೊಬ್ಬರು ಕಡಿಮೆ ಪವರ್‌ನಲ್ಲಿ ಟ್ರಾನ್ಸ್‌ಮಿಟ್ ಮಾಡಲಿ. ಅವರ ಆ್ಯಂಟೆನಾ ನೆಟ್ಟಗೆ ನಿಂತಿದ್ದರೆ ನಿಮ್ಮ ಟೇಪುಗಳೂ ನೆಟ್ಟಗಿರಬೇಕು. ಇಲ್ಲದಿದ್ದರೆ ಪೋಲರೈಸೇಶನ್ ಹೊಂದದೆ ಸಿಗ್ನಲ್ ಬಿದ್ದುಹೋಗುತ್ತದೆ. ಎಸ್‌ಡಿಆರ್ ಡಾಂಗಲ್ ಬಳಸುವುದಾದರೆ ಆಟೋಮ್ಯಾಟಿಕ್ ಗೇನ್ ಆಫ್ ಮಾಡಿ. ಅದು ಆನ್ ಇದ್ದರೆ ವ್ಯತ್ಯಾಸವನ್ನೆಲ್ಲ ಸರಿದೂಗಿಸಿಬಿಡುತ್ತದೆ. 30 ಡಿಗ್ರಿಗೊಂದರಂತೆ 12 ರೀಡಿಂಗ್ ತೆಗೆದು ಪೋಲಾರ್ ಗ್ರಾಫ್ ಹಾಕಿ.

ಮುಂದಿನ ಮತ್ತು ಹಿಂದಿನ ರೀಡಿಂಗ್ ನಡುವೆ 20 ಡಿಬಿ ಅಂತರ ಬಂದರೆ ಪವರ್‌ನಲ್ಲಿ ನೂರು ಪಟ್ಟು ವ್ಯತ್ಯಾಸ ಇದೆ ಎಂದರ್ಥ. ಗ್ರಾಫ್ ಸೊಟ್ಟಗೆ ಬಂತಾ? ಮೈದಾನದ ಇನ್ನೊಂದು ಮೂಲೆಯಲ್ಲಿ ಮತ್ತೆ ಅಳೆಯಿರಿ. ಸೊಟ್ಟ ಹಾಗೇ ಉಳಿದರೆ ದೋಷ ಆ್ಯಂಟೆನಾದ್ದು. ಜಾಗ ಬದಲಾದರೆ ಅದು ಕಟ್ಟಡದಿಂದ ಬಂದ ಪ್ರತಿಫಲನ.

ಇನ್ನೊಂದು ಮಾತು: ಮುಂದಿನ ಲೋಬ್ ಅಗಲ, ಹಾಗಾಗಿ ಸಿಗ್ನಲ್ ಎಲ್ಲಿ ಅತಿ ಹೆಚ್ಚು ಅನ್ನೋದು ಸ್ಪಷ್ಟವಾಗಿ ಗೊತ್ತಾಗುವುದಿಲ್ಲ. ಎಲ್ಲಿ ಥಟ್ಟನೆ ಕುಸಿಯುತ್ತದೆ ಅನ್ನೋದು ಗೊತ್ತಾಗುತ್ತದೆ. ಫಾಕ್ಸ್ ಹತ್ತಿರವಾದಾಗ ಆ್ಯಂಟೆನಾದ ಬೆನ್ನನ್ನು ಅದರತ್ತ ತಿರುಗಿಸಿ ಹುಡುಕಿ.